ಅತ್ತೆಯ ಕಾರಿನ ಬಿಸಿಗಾಳಿ

ಕಾರಿನ ಬಣ್ಣ ಬೂದು ಎಂದು ನನ್ನ ನೆನಪು. ನನ್ನ ತಂಗಿ ಅದು ತಿಳಿಹಸಿರು ಎನ್ನುತ್ತಾಳೆ. ಇಬ್ಬರೂ ಅದರ ಹಿಂದಿನ ಸೀಟಿನಲ್ಲಿ ಎಷ್ಟೋ ಸಲ ಕುಳಿತವರು, ಇಬ್ಬರೂ ಅದರ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡು ಅತ್ತವರು. ಆದರೂ ಬಣ್ಣದ ವಿಷಯದಲ್ಲಿ ಈವರೆಗೆ ಒಮ್ಮತವಿಲ್ಲ. ಬಣ್ಣದ್ದೇ ಹೀಗಾದರೆ ಉಳಿದದ್ದರ ಗತಿಯೇನು ಎಂದು ಇದನ್ನು ಬರೆಯಲು ಕೂತಾಗಲೆಲ್ಲ ಅನ್ನಿಸುತ್ತದೆ. ಮುಂದೆ ಹೇಳುವುದರಲ್ಲಿ ಮಳೆ ಬಂದ ದಿನಗಳು ಹಿಂದುಮುಂದಾಗಿರಬಹುದು, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಿರಬಹುದು. ಆ ವರ್ಷದ ನನ್ನ ದಿನಚರಿಯಲ್ಲಿ ಈ ಬಗ್ಗೆ ಇರುವುದು ಒಂದೇ ಸಾಲು: ಕಾರು ಸರಿಯಾಯಿತು, ಅತ್ತೆ ನಕ್ಕಳು. ಯಾಕೆ ನಕ್ಕಳು ಎಂದು ಬರೆದಿಟ್ಟಿಲ್ಲ. ಅದು ಮರೆಯುವಂಥದ್ದಲ್ಲ ಎಂದು ಆಗ ಅಂದುಕೊಂಡಿರಬೇಕು.

ನಾನು ಓದಿದ್ದು ಇತಿಹಾಸ. ಒಂದೇ ಸಾಕ್ಷಿಯನ್ನು ನಂಬಿ ಕೂಡಬೇಡಿ ಎಂದು ಧಾರವಾಡದಲ್ಲಿ ನಮ್ಮ ಮೇಷ್ಟ್ರು ಪಾಠ ಪಾಠಕ್ಕೂ ಹೇಳುತ್ತಿದ್ದರು. ಇಲ್ಲಿ ಸಾಕ್ಷಿ ನಾನೊಬ್ಬಳೇ, ಅದೂ ಅತ್ತೆಯನ್ನು ಬಹಳ ಮೆಚ್ಚಿಕೊಂಡ ಸಾಕ್ಷಿ. ಓದುವವರು ಅಷ್ಟನ್ನು ಕಳೆದು ಓದಬೇಕು.

ಅತ್ತೆ ನನ್ನ ಅಪ್ಪನ ಅಕ್ಕ. ಆಕೆಯನ್ನು ಗೋಕಾಕಕ್ಕೆ ಕೊಟ್ಟಿತ್ತು. ಆಕೆಯ ಗಂಡ, ನಮಗೆ ಮಾಮಾ, ದನದ ಡಾಕ್ಟರು. ಸರಕಾರಿ ಕೆಲಸದಿಂದ ನಿವೃತ್ತರಾದ ಮೇಲೂ ಸುತ್ತಲಿನ ಹಳ್ಳಿಯವರು ಅವರನ್ನು ಬಿಟ್ಟಿರಲಿಲ್ಲ. ಕರು ಹೊಟ್ಟೆಯಲ್ಲಿ ಅಡ್ಡ ತಿರುಗಿದೆ, ಎತ್ತಿನ ಹೊಟ್ಟೆ ಉಬ್ಬಿದೆ, ಎಮ್ಮೆ ಮೇವು ಮುಟ್ಟುತ್ತಿಲ್ಲ ಎಂದು ನಾಗನೂರಿನಿಂದ, ಅರಭಾವಿಯಿಂದ, ಮೂಡಲಗಿಯಿಂದ ಜನ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಅಷ್ಟು ಹೊತ್ತಿಗೆ ಮಾಮಾನ ಕಣ್ಣು ಹೋಗುತ್ತ ಬಂದಿತ್ತು. ನರವೇ ಒಣಗುತ್ತಿದೆ, ಚಿಕಿತ್ಸೆಯಿಲ್ಲ ಎಂದು ಮಿರಜಿನಲ್ಲಿ ತೋರಿಸಿದಾಗ ಹೇಳಿದ್ದರಂತೆ. ಮುಖ ಹತ್ತಿರ ತಂದರೆ ಯಾರೆಂದು ತಿಳಿಯುತ್ತಿತ್ತು. ತುಸು ದೂರದಲ್ಲಿ ನಿಂತ ಎತ್ತು ಅವರಿಗೆ ಒಂದು ಮಬ್ಬು ಗುಡ್ಡ. ಆದರೆ ಕೈ ಹಾಗೇ ಇತ್ತು. ದನದ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಬಾಯಿಯ ಹತ್ತಿರ ಮೂಗು ಒಯ್ದು, ಕಿವಿಯ ಬುಡ ಹಿಡಿದು ನೋಡಿ ಇಂಥ ಕಡೆ ಇಂಥದ್ದಾಗಿದೆ ಎಂದು ಹೇಳಿಬಿಡುತ್ತಿದ್ದರು. ಕಣ್ಣು ಬೇಕಾದದ್ದು ದಾರಿಗೆ ಮಾತ್ರ, ಆ ದಾರಿಯನ್ನು ಅತ್ತೆ ನೋಡಿಕೊಳ್ಳುತ್ತಿದ್ದಳು.

ಒಂಬತ್ತು ಗಜದ ಸೀರೆಯ ಕಚ್ಚೆ ಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದು, ಸೀಟಿಗೆ ಒಂದು ಮಡಚಿದ ಕೌದಿ ಹಾಕಿಕೊಂಡು ಆಕೆ ಕಾರು ನಡೆಸುತ್ತಿದ್ದಳು. ಕಲಿಸಿದ್ದು ಮಾಮಾನೇ, ಕಣ್ಣು ಇನ್ನೂ ಸ್ವಲ್ಪ ಇದ್ದಾಗ. ಗೋಕಾಕದ ಪೇಟೆಯಲ್ಲಿ ಆಕೆಯ ಕಾರು ಬಂದರೆ ಜನ ಎರಡೂ ಕಡೆ ಸರಿದು ನಿಲ್ಲುತ್ತಿದ್ದರು, ಗೌರವಕ್ಕೋ ಜೀವಭಯಕ್ಕೋ ಎಂದು ಮಾಮಾ ನಗೆಯಾಡುತ್ತಿದ್ದರು.

ಕಾರು ವಿಲಾಯತಿಯದು. ಊರು ಬಿಟ್ಟು ತನ್ನ ದೇಶಕ್ಕೆ ಹೊರಟ ಒಬ್ಬ ಬಿಳಿಯ ಎಂಜಿನಿಯರನಿಂದ ಮಾಮಾ ಅದನ್ನು ಕೊಂಡಿದ್ದರು. ಸ್ವಾತಂತ್ರ್ಯ ಬಂದು ಹತ್ತು ವರ್ಷದ ಮೇಲಾಗಿತ್ತು, ಅಷ್ಟು ಮಾತ್ರ ಹೇಳಬಲ್ಲೆ. ಅದರಲ್ಲಿ ಬಿಸಿಗಾಳಿ ಊದುವ ಒಂದು ಫ್ಯಾನು ಇತ್ತು. ಎಂಜಿನ್ನಿನ ಬಿಸಿನೀರು ಒಂದು ಪೆಟ್ಟಿಗೆಗೆ ಬರುತ್ತದೆ, ಆ ಪೆಟ್ಟಿಗೆಯ ಮೂಲಕ ಫ್ಯಾನು ಗಾಳಿಯನ್ನು ಒಳಗೆ ತಳ್ಳುತ್ತದೆ, ಹಿಮ ಬೀಳುವ ದೇಶದಲ್ಲಿ ಕಾಲು ಬೆಚ್ಚಗಿರುತ್ತದೆ. ಹೊರಗಿನ ಗಾಳಿ ಒಳಬರಲು ಮುಂದಿನ ಗಾಜಿನ ಬುಡದಲ್ಲಿ ಉದ್ದಕ್ಕೆ ಒಂದು ಜಾಳಿಗೆ ಇತ್ತು. ಈ ಫ್ಯಾನು ಊರಿಗೆಲ್ಲ ತಮಾಷೆಯಾಗಿತ್ತು. ಏಪ್ರಿಲ್ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂತವರು ಕೂಗುತ್ತಿದ್ದರು:

“ಡಾಕ್ಟರ್ ಸಾಹೇಬ್ರ, ಬಿಸಿಗಾಳಿ ಹಚ್ಚೀರೇನ್ರಿ? ಇಲ್ಲಂದ್ರ ಸ್ವಲ್ಪ ನಮ್ಮದ ಒಯ್ಯಿರಿ, ಇಲ್ಲೆ ಭಾಳ ಐತಿ!”

ಮಾಮಾ ಅದನ್ನು ಒಮ್ಮೆಯೂ ಹಚ್ಚಿರಲಿಲ್ಲ. ಅದರ ಗುಂಡಿ ಯಾವುದೆಂದು ಅತ್ತೆಗೆ ಗೊತ್ತಿತ್ತು, ಅಷ್ಟೆ.

ಆ ಮನೆಯ ಯಜಮಾನರು ಮಾಮಾನ ಅಣ್ಣ. ನಾವು ದೊಡ್ಡ ಮಾಮಾ ಎನ್ನುತ್ತಿದ್ದೆವು. ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಕಾರೆಂದರೆ ಅವರಿಗೆ ಹೆದರಿಕೆ. ತಮ್ಮನಿಗೆ ಕಣ್ಣಿಲ್ಲ, ನಡೆಸುವವಳು ಹೆಂಗಸು, ದಾರಿಯೆಲ್ಲ ಚಕ್ಕಡಿ ಮತ್ತು ದನ. ಈ ಹೆದರಿಕೆಗೆ ಅವರು ಮಾಡಿಕೊಂಡ ಉಪಾಯ ಪೂಜೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಬಂದು ಕಾರಿಗೆ ಅವರೇ ಪೂಜೆ ಮಾಡುತ್ತಿದ್ದರು, ಇನ್ನೊಬ್ಬರ ಕೈಗೆ ಬಿಡುತ್ತಿರಲಿಲ್ಲ. ಬಾನೆಟ್ಟಿಗೆ ಕುಂಕುಮ, ಗಾಜಿನ ಬುಡದಲ್ಲಿ ಚೆಂಡುಹೂವು, ಅಕ್ಷತೆ. ಆಮೇಲೆ ಕಾಯಿ ಒಡೆದು, ಅದರ ನೀರನ್ನು ಗಾಜಿನ ಕೆಳಗೆ ಈ ತುದಿಯಿಂದ ಆ ತುದಿಯವರೆಗೆ ಒಂದು ಹನಿ ನೆಲಕ್ಕೆ ಬೀಳದಂತೆ ಎರೆಯುತ್ತಿದ್ದರು. ಕಣ್ಣು ಮುಚ್ಚಿ ಏನೋ ಬೇಡಿಕೊಳ್ಳುತ್ತಿದ್ದರು. ತಮ್ಮನನ್ನೂ ಅತ್ತೆಯನ್ನೂ ಕಾಪಾಡು ಎಂದೇ ಬೇಡುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಾನು ಬಿ.ಎ. ಪರೀಕ್ಷೆ ಬರೆದು, ಮುಂದಿನ ಓದಿಗೆ ಸೇರುವ ಮೊದಲು ಅತ್ತೆಯ ಮನೆಗೆ ಬಂದಿದ್ದೆ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದಿತ್ತು. ಮೂಡಲಗಿಯಲ್ಲಿ ಒಂದು ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂತು. ದೊಡ್ಡ ಮಾಮಾಗೂ ಅಲ್ಲಿ ಯಾರನ್ನೋ ಕಾಣುವುದಿತ್ತು. ನಾಲ್ವರೂ ಹೋದೆವು. ಮಾಮಾ ತೋಳಿನವರೆಗೆ ಎಣ್ಣೆ ಹಚ್ಚಿಕೊಂಡು ಕರುವನ್ನು ತಿರುಗಿಸಿ ಹೊರತೆಗೆದರು. ತಾಯಿ, ಕರು ಎರಡೂ ಉಳಿದವು. ಗಿಣ್ಣದ ಹಾಲಿನ ಗಡಿಗೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ವಾಪಸು ಹೊರಟೆವು.

ನಾಗನೂರಿನ ಈಚೆಗೆ ಮಳೆ ಹಿಡಿಯಿತು. ಗಾಜು ಒರೆಸುವ ವೈಪರು ಸ್ವಲ್ಪ ಹೊತ್ತು ಆಡಿ ಗಾಜಿನ ನಡುವೆ ನಿಂತುಬಿಟ್ಟಿತು. ಅದರ ಜೊತೆಗೇ ಪೆಟ್ರೋಲಿನ ಮುಳ್ಳು ಸೊನ್ನೆಗೆ ಬಿತ್ತು.

“ಪೆಟ್ರೋಲ್ ಖಾಲಿ ಆತಲ್ಲೋ!” ಎಂದರು ದೊಡ್ಡ ಮಾಮಾ.

“ಇಲ್ಲರಿ ಭಾವಾರ, ಮುಂಜಾನೆ ಹಾಕಿಸೇನಿ. ಮುಳ್ಳ ಸುಳ್ಳ ಹೇಳಾಕತ್ತೈತಿ.”

“ವೈಪರ ನಿಂತೈತಿ, ಏನ ಕಾಣಸತೈತಿ ನಿನಗ?”

ಮುಂದೆ ಕೂತ ಮಾಮಾ ಮೆಲ್ಲಗೆ ಹೇಳಿದರು, “ಅಣ್ಣಾ, ನನಗ ವೈಪರ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ.”

ನಾನು ನಕ್ಕೆ. ನಗು ಮುಗಿಯುವ ಮೊದಲೇ ಅತ್ತೆ ಬ್ರೇಕ್ ಒತ್ತಿದಳು. ಗಾಜಿನ ಆಚೆ ಬಿದಿರು ಹೇರಿದ ಒಂದು ಚಕ್ಕಡಿ. ಹಿಂದಕ್ಕೆ ಚಾಚಿದ ಬಿದಿರ ತುದಿಗಳು ಮಾಮಾನ ಮುಖದ ನೇರಕ್ಕೆ ಗಾಜನ್ನು ಮುಟ್ಟುವುದೊಂದು ಬಾಕಿ. ಮಾಮಾಗೆ ಅವು ಕಾಣಲಿಲ್ಲ. ಹಿಂದೆ ನನ್ನ ಪಕ್ಕದಲ್ಲಿದ್ದ ದೊಡ್ಡ ಮಾಮಾಗೆ ಕಂಡವು. ಮಳೆ ಇಳಿಯುವವರೆಗೂ ಅಲ್ಲೇ ನಿಂತು, ಆಮೇಲೆ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಊರು ಮುಟ್ಟಿಸಿದಳು.

ಮನೆಗೆ ಬಂದು ಕಾಲು ತೊಳೆದುಕೊಂಡ ಮೇಲೆ ದೊಡ್ಡ ಮಾಮಾ ಅತ್ತೆಯನ್ನು ಕರೆದರು. ಸಿಟ್ಟು ಮಾಡಲಿಲ್ಲ.

“ನೋಡವಾ, ನಿನ್ನ ಕೈ ಚೊಲೋ ಐತಿ. ಗಾಡಿ ಚೊಲೋ ಇಲ್ಲ. ಹುಕ್ಕೇರಿ ಬೆಲ್ಲದ ಸಾವಕಾರ ಕೇಳಾಕತ್ತಾನ. ಇನ್ನೊಮ್ಮಿ ಮಳ್ಯಾಗ ಹಿಂಗಾದ್ರ ಕೊಟ್ಟ ಬಿಡೂದ.”

“ಗಾಡಿ ಹೋದ್ರ ನಾ ಏನ ಮಾಡ್ಲಿ ಅಣ್ಣಾ?” ಎಂದರು ಮಾಮಾ.

“ಆರಾಮ ಮನ್ಯಾಗ ಕುಂಡ್ರು. ಯಾಕ, ಸಾಕಾಗುವಷ್ಟ ದುಡದಿಲ್ಲೇನು?”

ಮಾಮಾನ ಬಲಗೈ ತೊಡೆಯ ಮೇಲೆ ಸುಮ್ಮನೆ ಆಡುತ್ತಿತ್ತು, ದನದ ಹೊಟ್ಟೆ ಮುಟ್ಟಿ ನೋಡುವಾಗ ಆಡುವ ಹಾಗೆ. ಆ ಕೈಯನ್ನು ಅತ್ತೆ ನೋಡಿದ್ದನ್ನು ನಾನು ನೋಡಿದೆ. ಈ ದೃಶ್ಯದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಕಾರು ಹೋದರೆ ಆ ಕೈಗೆ ಕೆಲಸವಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮರುದಿನ ಬಿಸಿಲು. ಅತ್ತೆ ಕಾರನ್ನು ಗಾಡಿ ರಿಪೇರಿಯ ಮಿಸ್ತ್ರಿಯ ಹತ್ತಿರ ಒಯ್ದಳು. ಆತ ಒಳ್ಳೆಯ ಕೆಲಸಗಾರ, ಲಾರಿಯವರೆಲ್ಲ ಅವನಲ್ಲಿಗೇ ಬರುತ್ತಿದ್ದರು. ಬಾನೆಟ್ಟು ಎತ್ತಿ, ಬೆರಳುದ್ದದ ಒಂದು ಗಾಜಿನ ಕೊಳವೆ ತೆಗೆದು ತೋರಿಸಿದ. ಒಳಗಿನ ಕೂದಲಿನಂಥ ತಂತಿ ಸುಟ್ಟಿತ್ತು. ಅದು ಫ್ಯೂಜು. ವೈಪರು, ಪೆಟ್ರೋಲಿನ ಮುಳ್ಳು, ತಿರುವಿನ ದೀಪ ಎಲ್ಲದಕ್ಕೂ ಕರೆಂಟು ಅದೊಂದರಿಂದಲೇ ಹೋಗುತ್ತಿತ್ತು. ಹೊಸದು ಹಾಕಿದ. ವೈಪರು ಆಡಿತು, ಮುಳ್ಳು ಎದ್ದು ನಿಂತಿತು.

“ಏನೂ ಆಗಿಲ್ಲರಿ ಅಕ್ಕಾರ. ಫ್ಯೂಜ್ ಹಳೇದಾಗಿತ್ತು.”

ಮುಂದಿನ ಮಳೆಗೆ ಅದೂ ಸುಟ್ಟಿತು. ಪುಣ್ಯಕ್ಕೆ ಕಾರು ಮನೆಯ ಮುಂದೇ ಇತ್ತು. ಮತ್ತೆ ಒಯ್ದರೆ ಮತ್ತೆ ಬಿಸಿಲು, ಎಲ್ಲ ಸರಿಯಿತ್ತು. ಮಿಸ್ತ್ರಿ ವೈಪರಿನ ಮೋಟಾರು ಬಿಚ್ಚಿ ತೊಳೆದು ಎಣ್ಣೆ ಹಾಕಿದ. ಫ್ಯೂಜು ಮತ್ತೆ ಸುಡಬಾರದೆಂದು ಸಿಗರೇಟ್ ಪಾಕೀಟಿನ ಬೆಳ್ಳಿಕಾಗದವನ್ನು ಅದಕ್ಕೆ ಸುತ್ತಿಕೊಟ್ಟ. ಲಾರಿಯವರಿಗೆಲ್ಲ ಅವನು ಹಾಗೇ ಮಾಡಿಕೊಡುತ್ತಿದ್ದನಂತೆ. ತುಂತುರು ಹನಿಯಲ್ಲಿ ಪೇಟೆ ದಾಟುವಷ್ಟರಲ್ಲಿ ಕಾರಿನೊಳಗೆ ಸುಟ್ಟ ಅರಿವೆಯ ವಾಸನೆ ಬಂತು. ಅತ್ತೆ ಬದಿಗೆ ನಿಲ್ಲಿಸಿ, ಬಾನೆಟ್ಟು ಎತ್ತಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬೆಳ್ಳಿಕಾಗದವನ್ನು ಕಿತ್ತು ಎಸೆದಳು.

“ಫ್ಯೂಜ್ ಬಾಯಿ ಬಿಟ್ಟ ಹೇಳಾಕತ್ತಿತ್ತು. ಅದರ ಬಾಯಿ ಹೊಲದ ಇಟ್ಟಾನ,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಇದು ಮಳ್ಯಾಗ ನಿಂತಂಗಲ್ಲ. ನಾ ನಿಲ್ಲಿಸಿದ್ದು. ಭಾವಾರಿಗೆ ಹೇಳಾಕ ಹೋಗಬ್ಯಾಡ,” ಎಂದಳು. ನಾನು ತಲೆ ಆಡಿಸಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾಮಾ ಎಲ್ಲ ಕೇಳಿಸಿಕೊಂಡರು. ರೊಟ್ಟಿ ಮುರಿಯುತ್ತ ಹೇಳಿದರು:

“ಮಿಸ್ತ್ರಿಂದ ಏನ ತಪ್ಪಿಲ್ಲಲೇ. ಎಮ್ಮಿ ಆರಾಮ ಆದ ಮ್ಯಾಲೆ ನನ್ನ ಹಂತ್ಯಾಕ ಹೊಡಕೊಂಡ ಬಂದ್ರ ನಾ ಏನ ನೋಡ್ಲಿ? ಜ್ವರ ಇದ್ದಾಗ ತೋರಸಬೇಕು.”

ಅತ್ತೆ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. “ಖರೆ ಐತ್ರಿ,” ಎಂದಳು. “ಅದಕ್ಕ ಜ್ವರ ಬರೂದು ಮಳ್ಯಾಗ. ನಾವು ಬಿಸಲಾಗ ಒಯ್ಯಾಕತ್ತೇವಿ.”

ಒಳ್ಳೆಯ ಮಳೆ ಬರಲು ಕೆಲವು ದಿನ ಕಾಯಬೇಕಾಯಿತು. ಅತ್ತೆ ಮುಗಿಲು ನೋಡುತ್ತಿದ್ದ ರೀತಿ ಬಿತ್ತನೆಗೆ ಕಾದವರ ಹಾಗಿತ್ತು. ರಾತ್ರಿಯಿಡೀ ಸುರಿದು ಬೆಳಗಾದ ಮೇಲೂ ಜಿನುಗುತ್ತಿದ್ದ ಒಂದು ದಿನ, ಅಂಗಳದಲ್ಲಿ ನೆನೆದಿದ್ದ ಕಾರನ್ನು ಎಲ್ಲರೂ ಕೂಡಿ ತಗಡಿನ ಛಾವಣಿಯ ಕೆಳಗೆ ತಳ್ಳಿದೆವು. ಹೇಳಿ ಕಳಿಸಿದರೆ ಮಿಸ್ತ್ರಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದ. ದೊಡ್ಡ ಮಾಮಾ ಅಂಗಡಿಗೆ ಹೋಗಿಯಾಗಿತ್ತು. ಮಾಮಾಗೆ ಒಂದು ಕುರ್ಚಿ ಹಾಕಿಕೊಟ್ಟೆವು.

ಮಿಸ್ತ್ರಿ ಹೊಸ ಫ್ಯೂಜು ಇಟ್ಟು ಕೀಲಿ ತಿರುಗಿಸಿದ. ಚಟ್ಟನೆ ಸುಟ್ಟಿತು.

“ಈಗ ಐತಿ ನೋಡ ಜ್ವರ!” ಎಂದು ಮಾಮಾ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು.

“ಜ್ವರ ಐತ್ರಿ ಸಾಹೇಬ್ರ, ಖರೆ ಎಲ್ಲಿ ಅಂತ ಹುಡುಕೂದು? ಹಿಂಗ ಒಂದೊಂದ ಫ್ಯೂಜ್ ಸುಡಕೋತ ಹೋದ್ರ ನನ್ನ ಅಂಗಡ್ಯಾಗಿನೂ ಮುಗೀತಾವು,” ಎಂದ ಮಿಸ್ತ್ರಿ. ಆಮೇಲೆ ಅವನಿಗೇ ಒಂದು ಉಪಾಯ ಹೊಳೆಯಿತು. ಫ್ಯೂಜಿನ ಜಾಗಕ್ಕೆ ಒಂದು ಹಳೆಯ ದೀಪದ ಬಲ್ಬನ್ನು ತಂತಿಯಿಂದ ಸೇರಿಸಿದ. ಎಲ್ಲೋ ಒಂದು ಕಡೆ ತಂತಿ ಕಾರಿನ ಮೈಗೆ ತಾಗಿ ಕರೆಂಟು ಸೋರಿಹೋಗುತ್ತಿದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ಸುಟ್ಟು ಹೋಗುವುದಿಲ್ಲ. ಸೋರಿಕೆ ನಿಂತರೆ ಮಂಕಾಗುತ್ತದೆ. ಕೀಲಿ ತಿರುಗಿಸಿದಾಗ ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು.

ಫ್ಯೂಜಿನ ಆಚೆ ತುದಿಯಿಂದ ಹಸಿರು ನೂಲು ಹೆಣೆದ ತಂತಿಗಳ ಒಂದು ಗೊಂಚಲು ಹೊರಟಿತ್ತು. ಮಿಸ್ತ್ರಿ ಮತ್ತೆ ವೈಪರಿನ ಕಡೆಗೇ ಕೈ ಹಾಕಿದ. ಅತ್ತೆ ತಡೆದಳು.

“ನಿಂದರೋ ತಮ್ಮಾ. ನಮ್ಮ ತವರಿನ್ಯಾಗ ಕಾಲವಿ ನೀರ ಕಳುವಾದ್ರ ಹೆಂಗ ಹುಡುಕತಾರ ಗೊತ್ತೈತೇನ?”

ನನಗೆ ಗೊತ್ತಿತ್ತು. ಆಕೆಯ ತವರೆಂದರೆ ನಮ್ಮ ಮನೆ. ಕಾಲುವೆಯ ನೀರು ಹೊಲಕ್ಕೆ ಬಂದು ಸಣ್ಣ ಸಣ್ಣ ಮಡಿಗಳಿಗೆ ಕವಲೊಡೆಯುತ್ತದೆ. ಎಲ್ಲೋ ಒಂದು ಕಡೆ ಏಡಿ ತೂತು ಕೊರೆದು ನೀರು ಹಾಳಾಗುತ್ತಿದ್ದರೆ ಇಡೀ ಹೊಲ ಅಲೆಯುವುದಿಲ್ಲ. ಮೇಲಿನ ಮಡಿಯಿಂದ ಒಂದೊಂದರ ಬಾಯಿಗೇ ಮಣ್ಣು ಹಾಕುತ್ತ ಬರುತ್ತಾರೆ. ಯಾವುದನ್ನು ಮುಚ್ಚಿದಾಗ ಕಾಲುವೆ ತುಂಬಿ ನಿಲ್ಲುತ್ತದೋ ಏಡಿ ಇರುವುದು ಆ ಮಡಿಯಲ್ಲಿ. ಹುಡುಗಿಯಾಗಿದ್ದಾಗ ಅತ್ತೆ ಸಲಿಕೆ ಹಿಡಿದು ಅದನ್ನೇ ಮಾಡುತ್ತಿದ್ದಳೆಂದು ಅಪ್ಪ ಹೇಳುತ್ತಿದ್ದರು.

“ಒಂದೊಂದ ಬಿಚ್ಚು. ನಡುವ ಒಂದೂ ಬಿಡಬ್ಯಾಡ. ಬಿಚ್ಚಿದ್ದನ್ನ ಮೈಗೆ ತಾಗದಂಗ ಅರಿವಿ ಸುತ್ತು,” ಎಂದಳು.

ವೈಪರಿನ ತಂತಿ ಬಿಚ್ಚಿದ. ಬಲ್ಬು ಹಾಗೇ ಉರಿಯಿತು. “ಇದಲ್ಲ,” ಎಂದಳು ಅತ್ತೆ. ಪೆಟ್ರೋಲ್ ಮುಳ್ಳಿನದು. “ಇದೂ ಅಲ್ಲ.” ತಿರುವಿನ ದೀಪದ್ದು. ಅದೂ ಅಲ್ಲ. ಪ್ರತಿ ಸಲ ಮಾಮಾ, “ಏನಾತು? ಏನಾತು?” ಎಂದು ಕೇಳುತ್ತಿದ್ದರು. ನಾನು ಬಲ್ಬು ನೋಡಿ ಹೇಳುತ್ತಿದ್ದೆ. ಕೊನೆಗೆ ಒಂದು ತಂತಿ ಉಳಿಯಿತು.

“ಅದು ಬಿಸಿಗಾಳಿ ಫ್ಯಾನಿಂದ್ರಿ ಅಕ್ಕಾರ. ಅದನ್ನ ಬಿಡ್ರಿ. ಯಾರ ಹಚ್ಚತಾರ ಅದನ್ನ? ಗುಂಡೀನ ಬಂದ್ ಐತಿ.”

“ಎಲ್ಲಾ ಮುಚ್ಚೂದಂದ್ರ ಎಲ್ಲಾ ಮುಚ್ಚೂದು.”

ಮಿಸ್ತ್ರಿ ನಗುತ್ತಲೇ ಅದನ್ನು ಬಿಚ್ಚಿದ. ಬಲ್ಬು ಆರಿತು.

ಅವನು ತಂತಿಯನ್ನು ಮತ್ತೆ ತಾಗಿಸಿದ, ಬಲ್ಬು ಉರಿಯಿತು. ತೆಗೆದ, ಆರಿತು. ಮಾಮಾ ಕುರ್ಚಿಯಿಂದ ಎದ್ದರು. “ಏನಾತೋ, ಯಾರರೆ ಹೇಳ್ರೆಪಾ!”

“ಏಡಿ ಸಿಕ್ಕತ್ರಿ,” ಎಂದಳು ಅತ್ತೆ.

ಗುಂಡಿ ಎಳೆಯದಿರುವಾಗ ಇದು ಹೇಗೆ ಸಾಧ್ಯ ಎಂದು ಮಿಸ್ತ್ರಿ ತಂತಿಯ ಬೆನ್ನು ಹತ್ತಿದ. ಆ ಕಾರಿನಲ್ಲಿ ಕರೆಂಟು ಮೊದಲು ಫ್ಯಾನಿಗೆ ಹೋಗಿ, ಫ್ಯಾನು ದಾಟಿದ ಮೇಲೆ ಗುಂಡಿಗೆ ಬರುತ್ತಿತ್ತು. ಗುಂಡಿ ಎಳೆಯಲಿ ಬಿಡಲಿ, ಫ್ಯಾನಿನ ಬಾಗಿಲಲ್ಲಿ ಕರೆಂಟು ಸದಾ ಕಾದು ನಿಂತಿರುತ್ತಿತ್ತು. ಯಾರೂ ಹಚ್ಚದ ಯಂತ್ರ ಎಂದು ನಾವು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮಾಮಾ ನನ್ನ ಹೆಗಲು ಹಿಡಿದು ಕಾರಿನ ಮುಂದೆ ಬಂದರು. ಗಾಜಿನ ಬುಡದ ಜಾಳಿಗೆಯ ಮೇಲೆ ಅಂಗೈಯಾಡಿಸಿ, ಬಗ್ಗಿ ಮೂಗು ಇಟ್ಟರು. ದನದ ಬಾಯಿಯ ಹತ್ತಿರ ಇಡುತ್ತಿದ್ದ ಹಾಗೆಯೇ.

“ಹುಳಿ ನಾರತೈತಿ,” ಎಂದರು. ಇನ್ನೊಮ್ಮೆ ಮೂಸಿದರು. “ಮಳಿನೀರ ಹಿಂಗ ನಾರೂದಿಲ್ಲ. ಇದು ಕಾಯಿ ನೀರ.”

ಜಾಳಿಗೆ ಬಿಚ್ಚಿದಾಗ ಕಂಡದ್ದನ್ನು ಹೇಗೆ ಹೇಳಲಿ? ಒಳಗಿನ ತಗ್ಗಿನಲ್ಲಿ ಕಪ್ಪು ಕೆಂಪು ರಾಡಿ ತುಂಬಿ ನಿಂತಿತ್ತು. ಕೊಳೆತ ಚೆಂಡುಹೂವು, ಉಬ್ಬಿದ ಅಕ್ಷತೆ, ಕಾಯಿಯ ನಾರು, ಕುಂಕುಮ. ಮಳೆನೀರು ಇಳಿದುಹೋಗಲು ತಳದಲ್ಲಿ ಇದ್ದ ತೂತಿಗೆ ಅದೆಲ್ಲ ಬಿರಡೆಯ ಹಾಗೆ ಕೂತಿತ್ತು. ಮಳೆ ಬಂದಾಗ ನೀರು ಮೇಲೇರಿ ಫ್ಯಾನಿನ ತಂತಿಯನ್ನು ಮುಟ್ಟುತ್ತಿತ್ತು. ತಂತಿಯ ನೂಲು ಕಾಯಿ ನೀರಿನಲ್ಲಿ ನೆನೆ ನೆನೆದು ಕೊಳೆತು, ತಾಮ್ರ ಹಸಿರುಗಟ್ಟಿತ್ತು, ನೀರೇರಿದಾಗ ಕರೆಂಟು ಅಲ್ಲಿಂದಲೇ ಕಾರಿನ ಮೈಗೆ ಸೋರುತ್ತಿತ್ತು. ಎಷ್ಟು ಅಮಾವಾಸ್ಯೆಗಳ ಭಕ್ತಿಯೋ ಅದು.

ಮಿಸ್ತ್ರಿಯೇ ಮೊದಲು ಬಾಯಿ ತೆರೆದ, “ಅಕ್ಕಾರ, ಇದು ದೊಡ್ಡ ಸಾಹೇಬ್ರು ಅಮಾಸಿಗೆ...”

“ನಿನ್ನ ಕೆಲಸ ನೋಡಪಾ ತಮ್ಮಾ,” ಎಂದಳು ಅತ್ತೆ, ಸಿಟ್ಟಿಲ್ಲದೆ.

ಆ ರಾಡಿಯನ್ನು ಆಕೆ ತಿಪ್ಪೆಗೆ ಹಾಕಲಿಲ್ಲ. ಬರಿಗೈಯಿಂದ ಬಾಚಿ ಬುಟ್ಟಿಗೆ ತುಂಬಿ, ದೇವರ ಹೂವು ಹಾಕುವ ಹಾಗೆ ಕಣಗಿಲ ಗಿಡದ ಬುಡಕ್ಕೆ ಸುರಿದಳು. ಆಕೆ ಏಳುವಷ್ಟರಲ್ಲಿ ದೊಡ್ಡ ಮಾಮಾ ಕೊಡೆ ಹಿಡಿದು ಊಟಕ್ಕೆ ಬಂದರು.

“ಏನ ಸಿಕ್ಕತು?”

“ಒಳಗ ಹೊಲಸ ಕಟ್ಟಿತ್ತರಿ ಭಾವಾರ. ಎಲಿ, ಹೂವು. ಮಳಿನೀರ ಹೋಗಾಕ ಹಾದಿ ಇರಲಿಲ್ಲ. ತೆಗದೇವಿ.”

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದೊಡ್ಡ ಮಾಮಾ “ಹೂಂ” ಎಂದರು. ಅತ್ತೆಯ ಕೈ ಮಣಿಕಟ್ಟಿನವರೆಗೆ ಕುಂಕುಮದ ಕೆಂಪು. ಅವರು ಆ ಕೈಯನ್ನು ನೋಡಿದರು ಎಂದು ನನಗೆ ನೆನಪು. ಆದರೆ ನೋಡಿದರೆಂದು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ. ಕೊಡೆ ಮಡಚಿ ಗೋಡೆಗೆ ಆನಿಸಿ ಒಳಗೆ ಹೋದದ್ದು ಮಾತ್ರ ಖರೆ.

ಆ ತಂತಿಯನ್ನು ಕತ್ತರಿಸಿ ಎಸೆದರಾಯಿತು, ನಮ್ಮೂರಿಗೆ ಬಿಸಿಗಾಳಿ ಯಾಕೆ ಎಂದ ಮಿಸ್ತ್ರಿ. ಅತ್ತೆ ಒಪ್ಪಲಿಲ್ಲ. “ಇದ್ದದ್ದನ್ನ ಯಾಕ ಕತ್ತರಸೂದು? ಸರಿ ಮಾಡು.” ಅವನು ಹೊಸ ತಂತಿ ಎಳೆದ, ಫ್ಯಾನು ಬಿಚ್ಚಿ ಉಜ್ಜಿದ, ಎಂಜಿನ್ನಿನ ಹತ್ತಿರ ಬಿಸಿನೀರಿನ ದಾರಿ ಮುಚ್ಚಿದ್ದ ಸಣ್ಣ ನಲ್ಲಿಯನ್ನೂ ತಿರುಗಿಸಿದ. ಗುಂಡಿ ಎಳೆದಾಗ ಫ್ಯಾನು ಜೇನುಹುಳದ ಹಾಗೆ ಗುಂಯ್ ಎಂದಿತು. ಮಾಮಾ ಕಿವಿಗೊಟ್ಟು ಕೇಳಿ, “ಉಸಿರಾಟ ಚೊಲೋ ಐತಿ,” ಎಂದರು.

ಮತ್ತೆ ಕೆಟ್ಟರೆ ಇರಲಿ ಎಂದು ಅಷ್ಟರಲ್ಲಿ ದೊಡ್ಡ ಮಾಮಾ ಹುಕ್ಕೇರಿಗೆ ಮಾತು ಕಳಿಸಿಯಾಗಿತ್ತು. ಕಾರನ್ನು ಒಮ್ಮೆ ತೋರಿಸಿಯಾದರೂ ಬರಬೇಕು, ಕೊಟ್ಟ ಮಾತು ಎಂದರು. ನಾಲ್ವರೂ ಹೊರಟೆವು. ಮಾಮಾನ ಬಲಗೈ ದಾರಿಯುದ್ದಕ್ಕೂ ತೊಡೆಯ ಮೇಲೆ ಆಡುತ್ತಿತ್ತು. ಹುಕ್ಕೇರಿ ಇನ್ನೂ ದೂರವಿರುವಾಗ ಮಳೆ ಬಂತು, ಮೂಡಲಗಿಯ ದಿನದ ಮಳೆಗಿಂತ ಜೋರು. ವೈಪರು ಆಡಿತು. ನಾನು ಪೆಟ್ರೋಲಿನ ಮುಳ್ಳನ್ನೇ ನೋಡುತ್ತಿದ್ದೆ, ಅದು ಅಲುಗಲಿಲ್ಲ. ಆದರೆ ಕಿಟಕಿ ಮುಚ್ಚಿ ನಾಲ್ಕು ಜನ ಉಸಿರಾಡುತ್ತಿದ್ದುದಕ್ಕೆ ಗಾಜಿನ ಒಳಮೈ ಮಂಜುಗಟ್ಟತೊಡಗಿತು. ಅತ್ತೆ ಅರಿವೆಯಿಂದ ಒರೆಸಿದಳು, ಮತ್ತೆ ಕಟ್ಟಿತು. ವೈಪರು ಹೊರಗೆ ಎಷ್ಟು ಆಡಿದರೇನು, ಮುಂದೆ ಬರೀ ಬಿಳುಪು. ಹಿಂದೆ ದೊಡ್ಡ ಮಾಮಾ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದರು.

ಅತ್ತೆ ಆ ಗುಂಡಿಯನ್ನು ಎಳೆದಳು.

ಫ್ಯಾನು ಗುಂಯ್ ಎಂದಿತು. ಮೊದಲು ತಣ್ಣನೆಯ, ಸ್ವಲ್ಪ ಹುಳಿ ವಾಸನೆಯ ಗಾಳಿ, ಆಮೇಲೆ ಬೆಚ್ಚಗಿನದು. ಗಾಜಿನ ಬುಡದಿಂದ ಮಂಜು ಕರಗುತ್ತ ಮೇಲಕ್ಕೆ ಹೋಯಿತು. ಮೊದಲು ರಸ್ತೆ ಕಂಡಿತು, ಆಮೇಲೆ ಬೇವಿನ ಮರಗಳು, ಆಮೇಲೆ ಮುಗಿಲು. ಹಿಮದ ದೇಶಕ್ಕೆಂದು ಮಾಡಿದ ಯಂತ್ರ ನಮ್ಮ ಮಳೆಯಲ್ಲಿ ಇಂಥ ಕೆಲಸಕ್ಕೆ ಬರುತ್ತದೆಂದು ಅತ್ತೆಗೆ ಹೇಗೆ ಹೊಳೆಯಿತೋ. ಕೇಳಿದ್ದಕ್ಕೆ, ಒಲೆಯ ಹತ್ತಿರ ಹಿಡಿದರೆ ಕನ್ನಡಿಯ ಮಂಜು ಹೋಗುವುದಿಲ್ಲವೇ ಎಂದಳು.

ದೊಡ್ಡ ಮಾಮಾ ತುಸು ಹೊತ್ತಿನ ಮೇಲೆ ಮುಂದಕ್ಕೆ ಬಗ್ಗಿ ಕೈಯನ್ನು ಆ ಗಾಳಿಗೆ ಹಿಡಿದರು. “ಮೊಣಕಾಲ ನೋವಿಗೆ ಚೊಲೋ ಐತಲ್ಲೋ ಇದು,” ಎಂದರು.

ಹುಕ್ಕೇರಿಯಲ್ಲಿ ಬೆಲ್ಲದ ಸಾವಕಾರ ಕೊಡೆ ಹಿಡಿದು ಕಾರಿನ ಸುತ್ತ ತಿರುಗಿ, ಬಾಗಿಲು ತೆರೆದು ಮುಚ್ಚಿ, ಟಾಯರು ಒದ್ದು ನೋಡಿದ. “ಗಾಡಿ ಪಸಂದ ಐತ್ರಿ,” ಎಂದ.

“ಐತ್ರಿ. ಖರೆ ಕೊಡಾಂಗಿಲ್ಲ,” ಎಂದರು ದೊಡ್ಡ ಮಾಮಾ. “ನಮ್ಮ ತಮ್ಮಗ ಕೆಲಸಕ್ಕ ಬೇಕು.”

“ಮತ್ತ ಇಂಥ ಮಳ್ಯಾಗ ಇಷ್ಟ ದೂರ ಯಾಕ ಬಂದ್ರಿ?”

“ನಿಮ್ಮ ಮನಿ ಚಹಾ ಕುಡ್ಯಾಕ.”

ಮಾಮಾ ತಲೆ ತಗ್ಗಿಸಿ ಕೂತಿದ್ದರು. ಅವರ ಬಲಗೈಯ ಆಟ ನಿಂತಿತ್ತು. ಅತ್ತೆ ನಕ್ಕದ್ದು ಇಲ್ಲಿಯೇ ಇರಬೇಕು. ಅಥವಾ ನಾಗರ ಅಮಾವಾಸ್ಯೆಯ ದಿನ.

ಯಾಕೆಂದರೆ ಕೊನೆಯ ತೊಡಕು ಇನ್ನೂ ಉಳಿದಿತ್ತು. ನಾಗರ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಕಾಯಿ ನೀರನ್ನು ಅಲ್ಲಿ ಎರೆಯಬೇಡಿ ಎಂದು ಹೇಳಿದರೆ, ಇಷ್ಟು ದಿನ ತಮ್ಮನನ್ನು ಕಾಯಲು ಮಾಡಿದ್ದೇ ಅವನ ಮುಖದ ಮುಂದೆ ಬಿದಿರು ತಂದು ನಿಲ್ಲಿಸಿತೆಂದು ದೊಡ್ಡ ಮಾಮಾಗೆ ಹೇಳಿದ ಹಾಗೆ. ಹೇಳದಿದ್ದರೆ ಮತ್ತೆ ಅದೇ. ಹೇಗೆ ಹೇಳುತ್ತೀ ಎಂದು ನಾನು ಕೇಳಿದಾಗೆಲ್ಲ ಅತ್ತೆ, “ನೋಡೂಣು,” ಎನ್ನುತ್ತಿದ್ದಳು.

ಅಮಾವಾಸ್ಯೆಯ ಬೆಳಿಗ್ಗೆ ದೊಡ್ಡ ಮಾಮಾ ಒದ್ದೆ ಪಂಚೆಯಲ್ಲಿ ಬಂದರು. ಅತ್ತೆ ಬಾಗಿಲಲ್ಲಿ ನಿಂತಿದ್ದಳು, ನಾನು ಆಕೆಯ ಹಿಂದೆ. ಅವರು ಬಾನೆಟ್ಟಿಗೆ ಕುಂಕುಮ ಹಚ್ಚಿದರು. ಚೆಂಡುಹೂವಿನ ಮಾಲೆಯನ್ನು ಮುಂದಿನ ಬಂಪರಿಗೆ ಕಟ್ಟಿದರು. ಕಾಯಿ ಎತ್ತಿಕೊಂಡು, ಗಾಜಿನ ಕಡೆ ನೋಡದೆ, ಬದಿಗೆ ಬಂದು ಕೂತು, ಮುಂದಿನ ಗಾಲಿಯ ಪಕ್ಕದ ಕಲ್ಲಿಗೆ ಒಡೆದು ನೀರನ್ನೆಲ್ಲ ಟಾಯರಿಗೆ ಎರೆದರು. ಕಣ್ಣು ಮುಚ್ಚಿದರು. ಎಂದಿಗಿಂತ ಹೆಚ್ಚು ಹೊತ್ತು ಮುಚ್ಚಿದ್ದರು ಎಂದು ನನಗೆ ಅನ್ನಿಸಿತು.

ನಾನು ಅತ್ತೆಯ ಹಿಂದೆಯೇ ಅಡುಗೆಮನೆಗೆ ಹೋಗಿ ಅವಳಿಗೆ ಮಾತ್ರ ಕೇಳುವ ಹಾಗೆ, ನೀನು ಹೇಳಿದೆಯಾ ಎಂದು ಕೇಳಿದೆ. ಆಕೆ ಹಂಚಿನ ಮೇಲಿನ ಹೋಳಿಗೆಯತ್ತ ಕೈ ತೋರಿಸಿ, “ಹೊತ್ತತೈತಿ, ಮಗ್ಗಲಾ ತಿರುವಿ ಹಾಕು,” ಎಂದಳು. ಆ ಕಾರಿನಲ್ಲಿ ಮಾಮಾ ಇನ್ನೂ ಹಲವು ಮಳೆಗಾಲ ಹಳ್ಳಿಗಳನ್ನು ಸುತ್ತಿದರು. ದೊಡ್ಡ ಮಾಮಾ ತೀರಿಕೊಂಡರು, ಆಮೇಲೆ ಮಾಮಾನೂ. ನಾನು ಅತ್ತೆಯನ್ನು ಕಾಣಲು ಹೋದಾಗೆಲ್ಲ ಇದೇ ಮಾತು ಎತ್ತುತ್ತೇನೆ. ಆಕೆ ನನ್ನ ಮಕ್ಕಳ ಓದು ಕೇಳುತ್ತಾಳೆ, ಮಳೆಯ ಸುದ್ದಿ ಕೇಳುತ್ತಾಳೆ, ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿಯುತ್ತಾಳೆ. ಕಳೆದ ಸಲವೂ ಕೇಳಿದೆ:

“ಅತ್ತಿ, ನೀ ಹೇಳಿದ್ಯೋ, ಇಲ್ಲಾ ಅವತ್ತ ನಿನ್ನ ಕೈ ನೋಡಿ ದೊಡ್ಡ ಮಾಮಾ ತಾವ ತಿಳಕೊಂಡ್ರೋ?”